ಕೋಶಪೊರೆಯ ಕೊಬ್ಬು ಮತ್ತು ಇನ್ಸುಲಿನ್



ಚಳಿಗಾಲದ ಬೆಳಿಗ್ಗೆ ಅಡುಗೆಮನೆಯಲ್ಲಿ ತುಪ್ಪದ ಡಬ್ಬಿಯನ್ನೂ ಸೂರ್ಯಕಾಂತಿ ಎಣ್ಣೆಯ ಸೀಸೆಯನ್ನೂ ನೋಡಿ. ತುಪ್ಪ ಹೆಪ್ಪುಗಟ್ಟಿರುತ್ತದೆ, ಎಣ್ಣೆ ಸಲೀಸಾಗಿ ಹರಿಯುತ್ತದೆ. ತುಪ್ಪದಲ್ಲಿ ಹೆಚ್ಚಾಗಿರುವ ಪರ್ಯಾಪ್ತ ಕೊಬ್ಬಿನಾಮ್ಲಗಳ ಸರಪಳಿ ನೇರ. ಅವು ಒಂದಕ್ಕೊಂದು ಒತ್ತಿ ಕೂರುತ್ತವೆ. ಎಣ್ಣೆಯ ಅಪರ್ಯಾಪ್ತ ಕೊಬ್ಬಿನಾಮ್ಲಗಳ ಸರಪಳಿ ದ್ವಿಬಂಧವಿರುವ ಕಡೆ ಬಾಗಿರುತ್ತದೆ. ಅವು ಹಾಗೆ ಒತ್ತಿ ಕೂರಲಾರವು. ಈ ಎರಡು ಬಗೆಯ ಸರಪಳಿಗಳೂ ನಮ್ಮ ಜೀವಕೋಶಗಳ ಪೊರೆಯಲ್ಲಿವೆ.

ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ, ಅದರಲ್ಲಿ ಸುಮಾರು 5 ಭಾಗದಷ್ಟು ದಪ್ಪ ಈ ಪೊರೆ. ಎರಡು ಪದರ ಕೊಬ್ಬು, ನಡುನಡುವೆ ಪ್ರೊಟೀನುಗಳು. ಇದು ಗಟ್ಟಿ ಗೋಡೆಯಲ್ಲ, ದ್ರವದಂತೆ ಚಲಿಸುವ ಪದರ ಎಂದು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ವಿವರಿಸಿದರು.

ಈ ಪ್ರೊಟೀನುಗಳಲ್ಲಿ ಒಂದು ಇನ್ಸುಲಿನ್ ಗ್ರಾಹಿ. ಅದರ ಹೊರಭಾಗಕ್ಕೆ ಇನ್ಸುಲಿನ್ ಅಂಟಿದರೆ ಗ್ರಾಹಿಯ ಆಕಾರ ಬದಲಾಗುತ್ತದೆ. ಕೋಶದೊಳಗಿರುವ ಅದರ ಭಾಗ ಕಿಣ್ವವಾಗಿ ಕೆಲಸಕ್ಕಿಳಿಯುತ್ತದೆ. ಸಂದೇಶ ಮುಂದೆ ಸಾಗಿ, ಸ್ನಾಯುಕೋಶದಲ್ಲಿ ಗ್ಲೂಕೋಸ್ ಸಾಗಿಸುವ ಪ್ರೊಟೀನುಗಳು ಪೊರೆಗೆ ಬಂದು ಸೇರುತ್ತವೆ. ಆಗ ರಕ್ತದ ಸಕ್ಕರೆ ಒಳಗೆ ಹೋಗುತ್ತದೆ.

ಗ್ರಾಹಿ ಹುದುಗಿರುವುದು ಕೊಬ್ಬಿನಲ್ಲಿ. ಹಾಗಾದರೆ ಆ ಕೊಬ್ಬು ಎಂಥದು ಎಂಬುದು ಮುಖ್ಯವೇ? 1993ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ 27 ರೋಗಿಗಳ ಮತ್ತು 13 ಆರೋಗ್ಯವಂತ ಗಂಡಸರ ಸ್ನಾಯುವನ್ನು ಪರೀಕ್ಷಿಸಿದರು. ಪೊರೆಯಲ್ಲಿ ಹಲವು ದ್ವಿಬಂಧಗಳಿರುವ ಕೊಬ್ಬಿನಾಮ್ಲ ಕಡಿಮೆಯಿದ್ದಷ್ಟೂ ಇನ್ಸುಲಿನ್ ಪರಿಣಾಮ ಕಡಿಮೆಯಿತ್ತು.

ಆದರೆ ಅವಸರ ಬೇಡ. ಎರಡು ಸಂಗತಿ ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಅದಕ್ಕೆ ಪ್ರಯೋಗ ಬೇಕು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 162 ಆರೋಗ್ಯವಂತರು 3 ತಿಂಗಳು ನಿಗದಿತ ಆಹಾರ ಸೇವಿಸಿದರು. ಪರ್ಯಾಪ್ತ ಕೊಬ್ಬು ಹೆಚ್ಚಿದ್ದ ಗುಂಪಿನಲ್ಲಿ ಇನ್ಸುಲಿನ್ ಪರಿಣಾಮ ಕುಗ್ಗಿತು. ಒಂದೇ ದ್ವಿಬಂಧದ ಕೊಬ್ಬು ಹೆಚ್ಚಿದ್ದ ಗುಂಪಿನಲ್ಲಿ ಕುಗ್ಗಲಿಲ್ಲ. ಆದರೆ ಒಟ್ಟು ಕೊಬ್ಬೇ ಅತಿಯಾಗಿ ತಿಂದವರಿಗೆ ಈ ಲಾಭ ಸಿಗಲಿಲ್ಲ. ಇನ್ನು ಮೀನೆಣ್ಣೆಯಂಥ ಒಮೆಗಾ-3 ಕೊಬ್ಬುಗಳು ಮಧುಮೇಹವನ್ನು ತಡೆಯುತ್ತವೆಯೇ? 83 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2019ರ ವರದಿಗೆ ಅಂಥ ಗಮನಾರ್ಹ ಪರಿಣಾಮ ಕಾಣಲಿಲ್ಲ.

ಆದ್ದರಿಂದ ನಿಮ್ಮ ಮನೆಯ ಅಜ್ಜನಿಗೋ ಅತ್ತೆಗೋ ಯಾರಾದರೂ "ಈ ಎಣ್ಣೆ ಕುಡಿಯಿರಿ, ಇಂಜೆಕ್ಷನ್ ಬಿಡಿ" ಎಂದರೆ, ನೀವು ಅಡ್ಡ ಬನ್ನಿ. ಕೊಬ್ಬಿನ ಆಯ್ಕೆ ಊಟಕ್ಕೆ ಸೇರಿದ್ದು; ಔಷಧಿಯ ತೀರ್ಮಾನ ವೈದ್ಯರದು. ಪೊರೆಯ ಬಗ್ಗೆ ಓದಿದ ನೀವೇ ಇದನ್ನು ಅವರಿಗೆ ಬಿಡಿಸಿ ಹೇಳಬಲ್ಲಿರಿ.