ಒಳಗಿನಿಂದ ಬಿರಿಯುವುದು



ನನ್ನ ಹಳೆಯ ಜೀಪಿಗೆ ಇಪ್ಪತ್ತು ವರ್ಷ ತುಂಬಿದೆ. ಮೊಮ್ಮಗಳೊಡನೆ ಮೈಸೂರಿನಿಂದ ಮಡಿಕೇರಿಗೆ ಹೊರಡುವ ಮುನ್ನಾದಿನ ಅದರ ಬಾನೆಟ್ಟಿನ ಬಳಿ ಬೆಲ್ಲ ಕಾಸಿದಂಥ ಸಿಹಿವಾಸನೆ ಬಂತು. ಬಹುಕಾಲದ ಪರಿಚಯದ ಮೆಕ್ಯಾನಿಕ್ ಬಗ್ಗಿ ನೋಡಿ, "ಇದು ಕೂಲೆಂಟು, ಮೇಷ್ಟ್ರೇ. ಹೀಟರಿನ ಹೋಸ್ ಪೈಪುಗಳ ಕಾಲ ಮುಗಿದಿದೆ" ಎಂದ.

"ನಮ್ಮೂರಿನಲ್ಲಿ ಹೀಟರು ಹಾಕುವವರಾರಪ್ಪ? ಹೋಗಿಬಂದ ಮೇಲೆ ನೋಡೋಣ" ಎಂದೆ.

"ನೀವು ಹಾಕದಿದ್ದರೂ ಈ ಗಾಡಿಯಲ್ಲಿ ನೀರು ಅದರೊಳಗೆ ಹರಿಯುತ್ತಲೇ ಇರುತ್ತದೆ."

ಹೀಟರಿಗೆ ತನ್ನದೇ ಆದ ಬೆಂಕಿಯಿಲ್ಲ. ಎಂಜಿನ್ನಿನ ಸುಮಾರು 90 ಡಿಗ್ರಿಯ ಬಿಸಿನೀರೇ ಒತ್ತಡದಲ್ಲಿ ಈ ಕೊಳವೆಗಳೊಳಗೆ ಹೋಗಿಬರುತ್ತದೆ. ಒಂದು ಒಡೆದರೆ ನೀರೆಲ್ಲ ಬರಿದು. ಶಾಖ ತೋರಿಸುವ ಮುಳ್ಳೂ ಆಗ ಸುಳ್ಳು ಹೇಳಬಹುದು. ನೀರಿನಲ್ಲಿ ಮುಳುಗಿದ್ದರಷ್ಟೇ ಅದು ಸತ್ಯವಂತ. ಸುಂಟಿಕೊಪ್ಪದಾಚೆಯ ಏರಿನಲ್ಲಿ ನಮ್ಮ ಗತಿಯೇನು?

ಎಂಜಿನ್ನು ಪೂರ್ತಿ ತಣಿದ ಮೇಲೆ ಅವನು ಕೈಹಾಕಿದ. ಪ್ಲಾಸ್ಟಿಕ್ಕಿನ ಮೂರುಬಾಯಿಯ ಜಾಯಿಂಟು ಬೆರಳಲ್ಲಿ ಹಪ್ಪಳದಂತೆ ಪುಡಿಯಾಯಿತು. ಪೈಪನ್ನು ಎಳೆಯಲಿಲ್ಲ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದ. ತಿರುಚಿ ಎಳೆದರೆ ಹೀಟರಿನ ತೆಳು ನಳಿಕೆ ಮುರಿದೀತು. ಓಲೆಗರಿಯ ಕಟ್ಟನ್ನು ಬಿಚ್ಚುವ ಕೈಗಳನ್ನು ನಾನು ಬಲ್ಲೆ. ಅಲ್ಲಿದ್ದುದೂ ಅಂಥದೇ ಕೈ. ಸೀಳಿದ ರಬ್ಬರಿನ ಹೊರಮೈ ನುಣುಪು, ಒಳಗೆಲ್ಲ ಬಿರುಕು.

ಹೊಸ ಪೈಪು, ಹೊಸ ಕ್ಲಾಂಪು, ಹಿತ್ತಾಳೆಯ ಜಾಯಿಂಟು ಕೂಡಿಸಿದ. ಕೂಲೆಂಟು ತುಂಬಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು, ಗಾಳಿಗುಳ್ಳೆಗಳು ನಿಲ್ಲುವವರೆಗೆ ಕಾದ.

ಮಡಿಕೇರಿಯ ಮಂಜಿನ ಬೆಳಗಿನಲ್ಲಿ ಮೊಮ್ಮಗಳು ಪುಟ್ಟ ಕೈಗಳನ್ನು ಗಾಳಿಕಂಡಿಗೆ ಒಡ್ಡಿ, "ತಾತ, ಬೆಚ್ಚಗಿದೆ" ಎಂದಳು. ಬೇಡದ ವಸ್ತುವೆಂದು ತೀರ್ಪಿತ್ತಿದ್ದ ನಾನು ಸುಮ್ಮನೆ ತಲೆಯಾಡಿಸಿದೆ.