ಬಾಟಲಿಯಲ್ಲಿ ಕಾದು ಕೂತ ಬೀಜಗಳು

ಮಕ್ಕಳೇ, ಮುಂಗಾರಿನ ಒಂದೆರಡು ಮಳೆ ಬಿದ್ದು ನಾಲ್ಕಾರು ದಿನ ಕಳೆದ ಮೇಲೆ ನಿಮ್ಮ ಹಿತ್ತಲಿಗೋ ಶಾಲೆಯ ಮೈದಾನದ ಮೂಲೆಗೋ ಹೋಗಿ, ಕುಕ್ಕರಗಾಲಲ್ಲಿ ಕೂತು ನೆಲವನ್ನೊಮ್ಮೆ ನೋಡಿ. ಬೇಸಿಗೆಯಿಡೀ ಧೂಳು ಹಾರುತ್ತಿದ್ದ ಜಾಗದಲ್ಲಿ ಪುಟ್ಟ ಪುಟ್ಟ ಹಸಿರು ತಲೆಗಳು ಎದ್ದಿರುತ್ತವೆ. ತುಂಬೆ, ಉತ್ತರಾಣಿ, ನೆಲನೆಲ್ಲಿ, ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ. ಇವನ್ನು ಬಿತ್ತಿದವರು ಯಾರು?

ಗಾಳಿ ತಂದಿರಬೇಕು, ಹಕ್ಕಿ ತಂದಿರಬೇಕು ಅನ್ನುತ್ತೀರಿ. ಕೆಲವು ಹಾಗೆ ಬಂದವೇ. ಆದರೆ ಬಹಳಷ್ಟು ಬೀಜಗಳು ಎಲ್ಲಿಂದಲೂ ಬರಲಿಲ್ಲ, ಅಲ್ಲೇ ಇದ್ದವು. ಹೋದ ವರ್ಷ ಉದುರಿದ್ದು, ಅದರ ಹಿಂದಿನ ವರ್ಷ ಉದುರಿದ್ದು, ನೀವು ಹುಟ್ಟುವ ಮೊದಲೇ ಉದುರಿದ್ದು, ಎಲ್ಲವೂ ಮಣ್ಣೊಳಗೆ ಕಾದು ಕೂತಿದ್ದವು.

ಅಜ್ಜಿಯಂದಿರು ಸಾಸಿವೆ ಡಬ್ಬಿಯ ತಳದಲ್ಲಿ ದುಡ್ಡು ಬಚ್ಚಿಡುವುದನ್ನು ನೋಡಿದ್ದೀರಲ್ಲ? ಇದ್ದದ್ದನ್ನೆಲ್ಲ ಒಂದೇ ಸಂತೆಯಲ್ಲಿ ಖರ್ಚು ಮಾಡಿಬಿಟ್ಟರೆ ಮುಂದಿನ ಸಂತೆಗೇನು ಗತಿ? ಗಿಡಗಳ ಲೆಕ್ಕವೂ ಅದೇ. ಒಂದು ತುಂಬೆ ಗಿಡದ ಬೀಜವೆಲ್ಲ ಮೊದಲ ಮಳೆಗೇ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ಅಷ್ಟೂ ಸಸಿ ಒಣಗಿ ಹೋಗುತ್ತದೆ. ಅದಕ್ಕೇ ಒಂದಷ್ಟು ಬೀಜ ಈ ವರ್ಷ ಏಳುತ್ತದೆ, ಒಂದಷ್ಟು ಏಳುವುದಿಲ್ಲ.

ಏಳದೆ ಉಳಿದ ಬೀಜ ಸತ್ತಿದೆಯೇ? ಇಲ್ಲ. ರಾತ್ರಿ ನೆನೆಹಾಕಿದ ಒಂದು ಕಡಲೆಕಾಯಿ ಬೀಜ ತೆಗೆದುಕೊಳ್ಳಿ. ಕೆಂಪು ಸಿಪ್ಪೆ ಸುಲಿದು ಮೆಲ್ಲಗೆ ಎರಡು ಹೋಳು ಮಾಡಿ. ಒಂದು ಹೋಳಿನ ತುದಿಯಲ್ಲಿ ಬೆಳ್ಳಗಿನ ಚೂಪು ಮೊನೆಯೊಂದು ಕಾಣುತ್ತದೆ, ಅದು ಮುಂದೆ ಬೇರಾಗುವಂಥದ್ದು. ಅದರ ಹಿಂದೆ ಮಡಚಿಕೊಂಡ ಪುಟಾಣಿ ಎಲೆಗಳು. ಭೂತಗನ್ನಡಿ ಇದ್ದರೆ ಎಲೆಯ ನೆರಿಗೆಯನ್ನೂ ಎಣಿಸಬಹುದು. ಎರಡು ದಪ್ಪ ಹೋಳುಗಳು ಈ ಮರಿಗಿಡಕ್ಕೆ ಊಟ. ಒಣಗಿದ ಬೀಜದೊಳಗೂ ಈ ಮರಿ ಹೀಗೇ ಇರುತ್ತದೆ, ತನ್ನ ಕೆಲಸಗಳನ್ನೆಲ್ಲ ಹೆಚ್ಚುಕಡಿಮೆ ನಿಲ್ಲಿಸಿ, ಊಟ ಖರ್ಚಾಗದಂತೆ ಸುಮ್ಮನೆ.

ಹಾಗೆ ಎಷ್ಟು ಕಾಲ ಇರಬಲ್ಲದು? ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಈ ಪ್ರಶ್ನೆ ಹತ್ತಿಕೊಂಡಿತು. ಅಲ್ಲಿನ ರೈತರು ಕಳೆ ಕಿತ್ತು ಕಿತ್ತು ಸುಸ್ತಾಗಿದ್ದರು. ಎಷ್ಟು ವರ್ಷ ಕಿತ್ತರೆ ಮಣ್ಣೊಳಗಿನ ಕಳೆಬೀಜ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

1879ರಲ್ಲಿ ಬೀಲ್ ಮೇಷ್ಟ್ರು 20 ಗಾಜಿನ ಬಾಟಲಿ ತಂದರು. ಇಪ್ಪತ್ತಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ಆರಿಸಿಕೊಂಡು, ಒಂದೊಂದು ಬಾಟಲಿಗೂ ಪ್ರತಿ ಜಾತಿಯ ಐವತ್ತೈವತ್ತು ಬೀಜ ಎಣಿಸಿ, ತೇವದ ಮರಳಿನಲ್ಲಿ ಬೆರೆಸಿ ತುಂಬಿದರು. ತಮ್ಮ ಕಾಲೇಜಿನ ಆವರಣದಲ್ಲೇ ಮರಳು ದಿಬ್ಬವೊಂದರಲ್ಲಿ ಹೂತರು. ಬಾಟಲಿಗಳಿಗೆ ಬಿರಡೆ ಹಾಕಲಿಲ್ಲ. ನೀರು ಒಳಗೆ ನಿಲ್ಲದಿರಲಿ ಎಂದು ಬಾಯಿ ಕೆಳಮುಖವಾಗುವಂತೆ ಓರೆಯಾಗಿ ಇಟ್ಟರು. ಎಷ್ಟು ಸಣ್ಣ ಉಪಾಯ ನೋಡಿ! ಬಾಟಲಿಯಲ್ಲಿ ನೀರು ನಿಂತಿದ್ದರೆ ಬೀಜಗಳು ಕೊಳೆತು ಹೋಗುತ್ತಿದ್ದವೇನೋ.

ಐದು ವರ್ಷಕ್ಕೊಂದು ಬಾಟಲಿ ತೆಗೆದು ಬಿತ್ತಿ ನೋಡುವುದು ಅವರ ಯೋಜನೆ. 20 ಬಾಟಲಿ ಅಂದರೆ ನೂರು ವರ್ಷ. ಅಷ್ಟು ಕಾಲ ತಾವಿರುವುದಿಲ್ಲ ಎಂದು ಗೊತ್ತಿದ್ದೂ ಹೂತರು. ವಯಸ್ಸಾದ ಮೇಲೆ ಕೆಲಸವನ್ನು ಕಿರಿಯರಿಗೆ ಒಪ್ಪಿಸಿದರು, ಆ ಕಿರಿಯರು ಮುದುಕರಾಗಿ ಇನ್ನೊಬ್ಬರಿಗೆ ಒಪ್ಪಿಸಿದರು. ನಡುವೆ ಬಂದವರು ಬಾಟಲಿಗಳನ್ನು ಇನ್ನಷ್ಟು ಉಳಿಸಲು ಅಂತರವನ್ನು ಹತ್ತು ವರ್ಷ ಮಾಡಿದರು, ಆಮೇಲೆ ಇಪ್ಪತ್ತು. ಹೂತ ಜಾಗ ಯಾವುದೆಂದು ಹೊರಗಿನವರಿಗೆ ಹೇಳುವುದಿಲ್ಲ. ನಿಧಿಯ ಕತೆಗಳಲ್ಲಿರುವಂತೆ ನಕ್ಷೆಯೊಂದು ಮಾತ್ರ ಕೈಯಿಂದ ಕೈಗೆ ಬರುತ್ತಿದೆ.

ಹದಿನಾರನೆಯ ಬಾಟಲಿ ತೆಗೆಯಬೇಕಾದದ್ದು 2020ರಲ್ಲಿ. ಕೊರೊನಾ ಬಂದು ಕಾಲೇಜು ಮುಚ್ಚಿತ್ತು. 140 ವರ್ಷ ಕಾದ ಬೀಜಕ್ಕೆ ಇನ್ನೊಂದು ವರ್ಷ ಕಾಯುವುದು ದೊಡ್ಡದೇ? 2021ರ ಏಪ್ರಿಲ್‌ನಲ್ಲಿ, ಕೊರೆಯುವ ಚಳಿಯಲ್ಲಿ, ಬೆಳಕು ಹರಿಯುವ ಮುಂಚೆಯೇ ವಿಜ್ಞಾನಿಗಳು ಸಲಿಕೆ ಹಿಡಿದು ಹೊರಟರು.

ಕತ್ತಲಲ್ಲೇ ಯಾಕೆ ಅಗೆಯಬೇಕು? ಇದು ನನಗೆ ಬಹಳ ಇಷ್ಟವಾದ ಭಾಗ. ಹಲವು ಬೀಜಗಳಿಗೆ ನೀರು ಸಿಕ್ಕರಷ್ಟೇ ಸಾಲದು, ಬೆಳಕೂ ತಾಗಬೇಕು. ಸಾಸಿವೆಗಿಂತ ಚಿಕ್ಕ ಬೀಜವೊಂದನ್ನು ನೆನೆಸಿಕೊಳ್ಳಿ. ಅದರೊಳಗಿನ ಊಟ ಅತಿ ಸ್ವಲ್ಪ. ಒಂದು ಗೇಣು ಆಳದಲ್ಲಿ ಮೊಳೆತರೆ ಮೇಲೆ ಬರುವಷ್ಟರಲ್ಲಿ ಊಟ ಮುಗಿದು ಸಾಯುತ್ತದೆ. ಬೆಳಕು ತಾಗಿದರೆ ಮಾತ್ರ, ತಾನು ಮೇಲೆಯೇ ಇದ್ದೇನೆ, ಏಳಬಹುದು ಎಂದು ಅದಕ್ಕೆ ಖಾತ್ರಿ. ಹರಿವೆ ಬೀಜವನ್ನು ಮರಳಲ್ಲಿ ಬೆರೆಸಿ ಮಡಿಯ ಮೇಲೆ ತೆಳ್ಳಗೆ ಉದುರಿಸುತ್ತಾರೆಯೇ ಹೊರತು ಆಳಕ್ಕೆ ಊರುವುದಿಲ್ಲ, ಗಮನಿಸಿದ್ದೀರಾ? ಬಾಟಲಿಯ ಬೀಜಗಳಿಗೆ ಬಿಸಿಲು ತಾಗಿ ಹೊತ್ತಿಗೆ ಮುಂಚೆ ಎಚ್ಚರವಾಗದಿರಲೆಂದೇ ಆ ಕತ್ತಲು.

ಇನ್ನೊಂದು ಸೋಜಿಗ ಹೇಳುತ್ತೇನೆ. ಬೆಳಕು ನೇರವಾಗಿ ಬಂತೋ, ಬೇರೆ ಗಿಡದ ಎಲೆ ದಾಟಿ ಬಂತೋ ಎಂಬುದೂ ಇಂಥ ಬೀಜಗಳಿಗೆ ತಿಳಿಯುತ್ತದೆ. ಎಲೆಗಳು ಬಿಸಿಲಿನಲ್ಲಿರುವ ಕೆಂಪು ಬೆಳಕನ್ನು ಹೀರಿಕೊಂಡುಬಿಡುತ್ತವೆ. ಕೆಳಗೆ ತಲುಪುವ ಬೆಳಕಲ್ಲಿ ಕೆಂಪು ಕಡಿಮೆ. ಬೀಜದೊಳಗಿನ ಫೈಟೋಕ್ರೋಮ್ ಎಂಬ ವಸ್ತು ಈ ಕೊರತೆಯನ್ನು ಗುರುತಿಸುತ್ತದೆ. ಮೇಲೆ ದೊಡ್ಡ ಗಿಡ ನೆರಳು ಕವಿದಿದೆ ಎಂದರೆ ಬೀಜ ಇನ್ನೂ ಕಾಯುತ್ತದೆ. ಮರ ಬಿದ್ದು ಬಯಲಾದ ದಿನ ಏಳುತ್ತದೆ.

ಇತ್ತ ವಿಜ್ಞಾನಿಗಳು ಅಗೆದು ತೆಗೆದ ಬಾಟಲಿಯ ಮರಳನ್ನು ಟ್ರೇಯಲ್ಲಿ ಹರಡಿ ನೀರು ಹಾಕಿದರು. ಎರಡು ವಾರವೂ ಆಗಿರಲಿಲ್ಲ, ಮೊದಲ ಮೊಳಕೆ ತಲೆಯೆತ್ತಿತು! ಕೊನೆಗೆ 20 ಬೀಜ ಮೊಳೆತವು. ಎಲ್ಲವೂ ಮಲ್ಲೀನ್ ಎಂಬ ಗುಂಪಿನವು. ಒಂದನ್ನು ಬಿಟ್ಟು ಉಳಿದವು ಹಳದಿ ಹೂ ಬಿಡುವ ಮಾತ್ ಮಲ್ಲೀನ್. ಆ ಒಂದು ಮಾತ್ರ ಎರಡು ಮಲ್ಲೀನ್‌ಗಳ ಮಿಶ್ರತಳಿ ಎಂದು ಡಿಎನ್ಎ ಪರೀಕ್ಷೆ ತೋರಿಸಿತು. ಬೀಲ್ ಮೇಷ್ಟ್ರು ಎಣಿಸಿ ಹಾಕುವಾಗ ಅದು ಅವರ ಕಣ್ಣಿಗೂ ಬಿದ್ದಿರಲಿಲ್ಲ. ಉಳಿದ ಜಾತಿಗಳೆಲ್ಲ ಅಷ್ಟರಲ್ಲಿ ಮುಗಿದಿದ್ದವು.

ಅಂದು ಅಗೆದವರಲ್ಲಿ ಲಾರ್ಸ್ ಬ್ರುಡ್ವಿಗ್ ಎಂಬ ಸಸ್ಯ ಪರಿಸರ ವಿಜ್ಞಾನಿಯೂ ಇದ್ದರು. ಹಾಳಾದ ಹುಲ್ಲುಗಾವಲು, ಕಾಡುಗಳನ್ನು ಮತ್ತೆ ಕಟ್ಟುವುದು ಹೇಗೆ ಎಂಬುದು ಅವರ ಅಧ್ಯಯನ. ಮಿಷಿಗನ್ನಿನ ಹುಲ್ಲುಗಾವಲುಗಳು ಮೆಕ್ಕೆಜೋಳ, ಸೋಯಾ ಹೊಲಗಳಾಗಿ ಎಷ್ಟೋ ಕಾಲವಾಯಿತು. ಉಳುವುದನ್ನು ನಿಲ್ಲಿಸಿದರೆ ಹುಲ್ಲುಗಾವಲು ತಾನಾಗಿ ಮರಳುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಮಣ್ಣೆಂಬ ಡಬ್ಬಿಯ ತಳ ಕೆದಕಿದರೆ ಸಿಗುವುದು ಹೆಚ್ಚಾಗಿ ಕಳೆಬೀಜ. ಹುಲ್ಲುಗಾವಲಿನ ಅನೇಕ ಗಿಡಗಳ ಬೀಜ ಅಷ್ಟು ಕಾಲ ಬದುಕುವುದಿಲ್ಲ. ಹಾಗಾಗಿ ಅಲ್ಲಿನವರು ಹತ್ತಾರು ಜಾತಿಯ ಬೀಜ ಸಂಗ್ರಹಿಸಿ ಕೈಯಾರೆ ಬಿತ್ತುತ್ತಾರೆ.

ಎಲ್ಲ ಬೀಜಕ್ಕೂ ಕಾಯುವ ತಾಳ್ಮೆ ಇಲ್ಲ ಎಂಬುದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲೇ ಇದೆ. ಚೆನ್ನಾಗಿ ಕಳಿತ ಹಲಸನ್ನು ಬಿಡಿಸಿದಾಗ ಕೆಲವೊಮ್ಮೆ ಹಣ್ಣಿನೊಳಗೇ ಬೀಜ ಮೊಳೆತಿರುತ್ತದೆ. ಅದಕ್ಕೆ ಅಷ್ಟು ಅವಸರ. ಒಣಗಿಸಿಟ್ಟರೆ ಸತ್ತೇ ಹೋಗುತ್ತದೆ. ಮಲೆನಾಡಿನ ದಟ್ಟ ಕಾಡಿನ ಹಲವು ದೊಡ್ಡ ಮರಗಳ ಬೀಜವೂ ಹೀಗೇ. ಅಂಥ ಕಾಡನ್ನು ಪೂರ್ತಿ ಕಡಿದರೆ ಆ ಮರಗಳ ಉಳಿತಾಯ ಮಣ್ಣಲ್ಲಿ ಏನೂ ಇರುವುದಿಲ್ಲ. ಹತ್ತಿರದಲ್ಲಿ ತಾಯಿಮರ ಇರಬೇಕು, ಹಣ್ಣು ನುಂಗಿ ಬೀಜ ತಂದು ಹಾಕುವ ಮಂಗಟ್ಟೆ ಹಕ್ಕಿಯಂಥವು ಬರಬೇಕು.

ಬೀಲ್ ಮೇಷ್ಟ್ರ ಬಾಟಲಿ ಇನ್ನೂ ನಾಲ್ಕಿವೆ. ಮುಂದಿನದು 2040ಕ್ಕೆ, ಕೊನೆಯದು 2100ಕ್ಕೆ. ಅಷ್ಟು ದಿನ ನಾವ್ಯಾಕೆ ಸುಮ್ಮನಿರಬೇಕು? ಅಗಲವಾದ ಎರಡು ಹಳೆಯ ತಟ್ಟೆಗೆ ಹಿತ್ತಲಿನ ಒಂದೊಂದು ಬೊಗಸೆ ಮಣ್ಣು ತೆಳ್ಳಗೆ ಹರಡಿ. ಒಂದು ಬೆಳಕಲ್ಲಿರಲಿ, ಇನ್ನೊಂದರ ಮೇಲೆ ರಟ್ಟಿನ ಪೆಟ್ಟಿಗೆ ಕವುಚಿಡಿ. ದಿನಾ ಸ್ವಲ್ಪ ನೀರು ಚಿಮುಕಿಸಿ. ಎರಡು ವಾರ ಬಿಟ್ಟು ಯಾವುದರಲ್ಲಿ ಎಷ್ಟು ಸಸಿ ಎದ್ದಿದೆ ಎಣಿಸಿ ಬರೆದಿಡಿ. ಒಂದು ಮಾತು ನೆನಪಿರಲಿ: ಮೊದಲು ಕಾಣುವ ಎಲೆಗಳನ್ನು ನೋಡಿ ಇದು ಇಂಥ ಗಿಡ ಎಂದು ಹೇಳಲು ಹೋಗಬೇಡಿ. ಅವು ಬೀಜದೆಲೆಗಳು, ಬೇರೆ ಬೇರೆ ಗಿಡಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅವುಗಳ ನಡುವಿಂದ ಹೊಸ ಎಲೆ ಬಿಚ್ಚಿಕೊಳ್ಳುವವರೆಗೆ ತಡೆಯಿರಿ. ಆಗ ತುಂಬೆ ತುಂಬೆಯಂತೆ, ನೆಲನೆಲ್ಲಿ ನೆಲನೆಲ್ಲಿಯಂತೆ ಕಾಣತೊಡಗುತ್ತದೆ.