ಹಳೆಯ ಸೇತುವೆಗೆ ಬದಲಿ: ಎರಡು ಮಳೆಗಾಲಗಳ ನಡುವಿನ ಕೆಲಸ



ಮಹಾರಾಷ್ಟ್ರದ ಘಟ್ಟ ಪ್ರದೇಶದಲ್ಲಿ ಮಳೆ ಬಲಗೊಂಡೊಡನೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕುತ್ತವೆ. ಚಿಕ್ಕೋಡಿ, ನಿಪ್ಪಾಣಿ ಭಾಗದ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ ಮುಂತಾದ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ಪ್ರವಾಹ ಹೆಚ್ಚಾದಾಗ ರಾಯಬಾಗ, ಕಾಗವಾಡ ತಾಲ್ಲೂಕುಗಳನ್ನು ಕೂಡಿಸುವ ಕುಡಚಿ–ಉಗಾರ ಸೇತುವೆಯ ಮೇಲೂ ನೀರು ಹರಿಯುತ್ತದೆ. ಎದುರು ದಡ ಕಣ್ಣಿಗೆ ಕಾಣುತ್ತಿದ್ದರೂ ಗರ್ಭಿಣಿಯರು, ರೋಗಿಗಳು, ವಿದ್ಯಾರ್ಥಿಗಳು ದೂರದ ದಾರಿ ಸುತ್ತಬೇಕಾಗುತ್ತದೆ.

ಮುಳುಗಿ ಎದ್ದ ಸೇತುವೆ ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡರೂ ಕಂಬಗಳ ಬುಡದ ಮಣ್ಣನ್ನು ನೀರು ಕೊರೆದಿರಬಹುದು. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ಕುಸಿದು, ಎರಡು ಬಸ್ಸುಗಳು ಪ್ರಯಾಣಿಕರ ಸಮೇತ ಕೊಚ್ಚಿಹೋದವು. ಅಲ್ಲಿನ ಹೊಸ ಸೇತುವೆ 165 ದಿನಗಳಲ್ಲಿ ಪೂರ್ಣಗೊಂಡು 2017ರ ಜೂನ್ 5ರಂದು ಉದ್ಘಾಟನೆಯಾಯಿತು. ಪ್ರಾಣಹಾನಿಯ ನಂತರ ಸಾಧ್ಯವಾದ ವೇಗ ಅದಕ್ಕೂ ಮೊದಲೇ ಸಾಧ್ಯವಾಗಬೇಕು.

ವೇಗವೆಂದರೆ ಅವಸರವಲ್ಲ. ಕಾಂಕ್ರೀಟು ಬಲಗೊಳ್ಳಲು ಬೇಕಾದ ದಿನಗಳನ್ನು ಕೊಡಲೇಬೇಕು. ಆದರೆ ಒಂದಾದ ಮೇಲೊಂದು ಮಾಡುವ ಕೆಲಸಗಳನ್ನು ಜೊತೆಜೊತೆಗೆ ನಡೆಸಬಹುದು. ನದಿಯಲ್ಲಿ ಅಡಿಪಾಯ, ಕಂಬಗಳ ಕೆಲಸ ಸಾಗಿರುವಾಗಲೇ ದಡದಲ್ಲಿ ಗರ್ಡರ್‌ಗಳನ್ನು ಎರಕ ಹೊಯ್ದು ಕ್ಯೂರಿಂಗ್ ಮಾಡಿದರೆ, ಕಂಬಗಳು ಸಿದ್ಧವಾದೊಡನೆ ಅವನ್ನು ಕ್ರೇನ್‌ನಿಂದ ಎತ್ತಿ ಕೂರಿಸಬಹುದು.

ಈ ಭಾಗದಲ್ಲಿ ನದಿಯೊಳಗೆ ಕೆಲಸಕ್ಕೆ ದೊರೆಯುವುದು ಪ್ರವಾಹ ಇಳಿದಂದಿನಿಂದ ಮೇ ತಿಂಗಳವರೆಗಿನ ಅವಧಿ ಮಾತ್ರ. ಬ್ಯಾರೇಜುಗಳಲ್ಲಿ ನೀರು ನಿಲ್ಲಿಸುವುದು, ಕಬ್ಬು ನುರಿಸುವ ಹಂಗಾಮು ನಡೆಯುವುದು ಕೂಡ ಅದೇ ಅವಧಿಯಲ್ಲಿ. ಕಾಗದಪತ್ರಗಳಲ್ಲಿಯೇ ಆ ದಿನಗಳು ಕಳೆದರೆ ಸೇತುವೆ ಮತ್ತೊಂದು ಮಳೆಗಾಲಕ್ಕೆ ಕಾಯಬೇಕಾಗುತ್ತದೆ. ಆದ್ದರಿಂದ ಪಂಚಾಯತಿಗಳು ಮಳೆಗಾಲದಲ್ಲಿಯೇ ಈ ಕೆಳಗಿನ ಸಿದ್ಧತೆ ಮಾಡಿಕೊಳ್ಳುವುದು ಅಗತ್ಯ:

1. ಸೇತುವೆ ಲೋಕೋಪಯೋಗಿ, ನೀರಾವರಿ, ಪಂಚಾಯತ್ ರಾಜ್ ಇಂಜಿನಿಯರಿಂಗ್ ಇವುಗಳಲ್ಲಿ ಯಾರ ಅಧೀನದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು, ಎರಡೂ ದಡಗಳ ಗ್ರಾಮಸಭೆಗಳ ಠರಾವನ್ನು ಒಟ್ಟಿಗೆ ಕಳುಹಿಸುವುದು.

2. 2019 ಮತ್ತು 2021ರಲ್ಲಿ ನೀರು ಏರಿದ ಗುರುತುಗಳನ್ನೂ ಸಂಚಾರ ನಿಂತ ದಿನಾಂಕಗಳನ್ನೂ ದಾಖಲಿಸುವುದು. ಹೊಸ ಸೇತುವೆಯ ಎತ್ತರ ನಿರ್ಧರಿಸುವವರಿಗೆ ಇವು ಉಪಯುಕ್ತ ಆಧಾರ.

3. ಸಂಪರ್ಕ ರಸ್ತೆಗೆ ಬೇಕಾಗಬಹುದಾದ ಜಮೀನುಗಳ ಪಹಣಿ ಮತ್ತು ವಾರಸಾ ತೊಡಕುಗಳನ್ನು ಪಟ್ಟಿ ಮಾಡಿ, ರೈತರೊಡನೆ ಮೊದಲೇ ಚರ್ಚಿಸುವುದು. ಸ್ಥಳಾಂತರಿಸಬೇಕಾದ ಕುಡಿಯುವ ನೀರಿನ ಕೊಳವೆ, ವಿದ್ಯುತ್ ಕಂಬಗಳನ್ನೂ ಗುರುತಿಸುವುದು.

4. ಕಬ್ಬಿನ ಟ್ರ್ಯಾಕ್ಟರುಗಳು, ಶಾಲಾ ಮಕ್ಕಳು ಹಾಗೂ ಆಂಬುಲೆನ್ಸ್‌ಗೆ ಪರ್ಯಾಯ ದಾರಿಯನ್ನು ಸಕ್ಕರೆ ಕಾರ್ಖಾನೆಗಳೊಡನೆ, ಬ್ಯಾರೇಜಿನ ನೀರಿನ ಮಟ್ಟವನ್ನು ನೀರಾವರಿ ಅಧಿಕಾರಿಗಳೊಡನೆ ಮಾತನಾಡಿ ನಿಶ್ಚಯಿಸುವುದು.

ಹೊಸ ಸೇತುವೆ ಸಿದ್ಧವಾಗುವವರೆಗೆ ಹಳೆಯದೇ ಗತಿ. ನೀರು ಇಳಿದ ಮಾತ್ರಕ್ಕೆ ಅದರ ಮೇಲೆ ವಾಹನ ಬಿಡದೆ, ಇಂಜಿನಿಯರರು ಪರಿಶೀಲಿಸುವವರೆಗೆ ತಡೆಗಂಬ ಉಳಿಸುವುದು ಸದಸ್ಯರ ಹೊಣೆ. ಆ ಒಂದೆರಡು ದಿನಗಳ ತಾಳ್ಮೆ ಊರಿನ ಜೀವಗಳನ್ನು ಕಾಯುತ್ತದೆ.